ದೆಹಲಿಯ ಚಳಿ, ಮೈಸೂರಿನ ಕರಿಬೇವು

ಮೊನ್ನೆ ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಅಮ್ಮನ ಫೋನ್ ಬಂತು. ನನ್ನ ಆರೋಗ್ಯ, ಮೊಮ್ಮಗನ ಪರೀಕ್ಷೆ, ಅಳಿಯನ ಕೆಮ್ಮು ಇವ್ಯಾವುದನ್ನೂ ವಿಚಾರಿಸದೆ ಅವಳು ಮೊದಲು ಕೇಳಿದ್ದು, "ಎಲೆ ಎಷ್ಟು ಉಳ್ಕೊಂಡಿದೆಯೇ?"

"ಕೆಳಗಡೆ ನಾಲ್ಕೈದು ಎಸಳು ಇರಬಹುದು. ಮಿಕ್ಕಿದ್ದೆಲ್ಲ ಹಳದಿಯಾಗಿ ಉದುರ್ತಾ ಇದೆ."

"ಸರಿ. ನೀರು ಹಾಕ್ಬೇಡ."

"ಇಲ್ಲಮ್ಮ."

"ಮಜ್ಜಿಗೇನೂ ಹಾಕ್ಬೇಡ. ಸುಮ್ನೆ ಬಿಡು."

ನನಗೆ ನಗು ಬಂತು. ಹೋದ ವರ್ಷ ಇದೇ ಡಿಸೆಂಬರಿನಲ್ಲಿ, ಇದೇ ಕರಿಬೇವಿನ ಗಿಡದ ದೆಸೆಯಿಂದ ನಾವಿಬ್ಬರೂ ಒಂದು ವಾರ ಮಾತು ಬಿಟ್ಟಿದ್ದೆವು. ಆ ಗಿಡದ ಕತೆಯನ್ನೂ ಅದರ ನೆಪದಲ್ಲಿ ದೆಹಲಿಯ ಚಳಿಗಾಲದಲ್ಲಿ ಕುಂಡದ ಗಿಡಗಳನ್ನು ನೋಡಿಕೊಳ್ಳುವ ಬಗೆಯನ್ನೂ ನಿಮ್ಮ ಜೊತೆ ಹಂಚಿಕೊಳ್ಳೋಣ ಎಂದು ಕೂತಿದ್ದೇನೆ.

ನಿಮ್ಮಲ್ಲಿ ಮುಂಬಯಿ, ಚೆನ್ನೈ, ಹೈದರಾಬಾದಿನಲ್ಲಿ ಇರುವವರಿಗೆ ಚಳಿಗಾಲವೆಂದರೆ ಫ್ಯಾನನ್ನು ಒಂದು ಪಾಯಿಂಟ್ ಕಡಿಮೆ ಮಾಡುವ ಕಾಲ. ಪುಣೆಯವರು ಬೆಳಗಿನ ಹೊತ್ತು ಸ್ವೆಟರ್ ಹಾಕಿಕೊಳ್ಳುತ್ತಾರೆ. ದೆಹಲಿಯ ಚಳಿ ಆ ಜಾತಿಯದ್ದಲ್ಲ. ಡಿಸೆಂಬರ್ ಕೊನೆಯಿಂದ ಜನವರಿ ಮೂರನೆಯ ವಾರದವರೆಗೆ ರಾತ್ರಿಯ ಉಷ್ಣಾಂಶ 5-6 ಡಿಗ್ರಿಗೆ ಇಳಿಯುವುದು ಮಾಮೂಲು. ಕೆಲವು ದಿನ ಅದಕ್ಕಿಂತಲೂ ಕೆಳಗೆ. ಮಂಜು ಕವಿದರೆ ಎರಡು ಮೂರು ದಿನ ಸೂರ್ಯನ ಮುಖವೇ ಕಾಣುವುದಿಲ್ಲ. ಇಲ್ಲಿನ ಫ್ಲಾಟುಗಳನ್ನು ಬೇಸಿಗೆಗಾಗಿ ಕಟ್ಟಿದ್ದಾರೋ ಚಳಿಗಾಗಿ ಕಟ್ಟಿದ್ದಾರೋ ನನಗಿನ್ನೂ ಅರ್ಥವಾಗಿಲ್ಲ. ಜನವರಿಯ ಮಧ್ಯಾಹ್ನ ಮನೆಯ ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಅದಕ್ಕೇ ಹನ್ನೊಂದು ಗಂಟೆಗೆ ಇಡೀ ದ್ವಾರಕಾ ಪ್ಲಾಸ್ಟಿಕ್ ಕುರ್ಚಿ, ಕಿತ್ತಳೆ, ಕಡಲೆಕಾಯಿ ಹಿಡಿದು ಪಾರ್ಕಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿರುತ್ತದೆ.

ನಾನು ಇಲ್ಲಿಗೆ ಬಂದು ಹನ್ನೆರಡು ವರ್ಷವಾಯಿತು. ಮನೆ ದ್ವಾರಕಾದಲ್ಲಿ, ನಾಲ್ಕನೆಯ ಮಹಡಿ. ಆಫೀಸು ಗುರುಗ್ರಾಮದಲ್ಲಿ. ನನ್ನ ತೋಟಗಾರಿಕೆ ಶುರುವಾಗಿದ್ದು ಲಾಕ್‌ಡೌನ್ ಕಾಲದಲ್ಲಿ, ಎಲ್ಲರದ್ದೂ ಆದ ಹಾಗೆ: ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಅರೆಕಾ ಪಾಮ್, ಒಂದು ಪೀಸ್ ಲಿಲಿ. ಇವೆಲ್ಲ ಹೇಗೋ ಬದುಕಿಕೊಂಡಿದ್ದವು. ನಾನು ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ.

ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ, ಹೋದ ವರ್ಷ ಆಗಸ್ಟಿನಲ್ಲಿ ಮೈಸೂರಿನ ಸರಸ್ವತಿಪುರಂ ಮನೆಯನ್ನು ಮಾರಿದೆವು. ಅಮ್ಮನೊಬ್ಬಳೇ ಇರುವುದು ಬೇಡ ಎಂದು ತೀರ್ಮಾನಿಸಿದ್ದು ನಾನು. ಅಮ್ಮ ಹೂಂ ಎಂದಿದ್ದಳು. ಕೊಂಡವರು ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರು. ಹಿತ್ತಲಿನ ಕರಿಬೇವಿನ ಮರ ಉಳಿಯುವುದಿಲ್ಲ ಎನ್ನುವುದು ಯಾರೂ ಹೇಳದೆಯೇ ಗೊತ್ತಿತ್ತು. ನಾನು ಹುಟ್ಟಿದ ವರ್ಷ ಅಪ್ಪ ನೆಟ್ಟ ಮರ ಅದು. ಬೀದಿಯ ಅರ್ಧ ಮನೆಗಳ ಒಗ್ಗರಣೆಗೆ ಅಲ್ಲಿಂದಲೇ ಎಲೆ ಹೋಗುತ್ತಿತ್ತು. ಕರಿಬೇವಿನ ಬೇರಿನಿಂದ ಮರಿಗಳು ಏಳುತ್ತವಲ್ಲ, ಅಂಥ ಒಂದು ಗೇಣುದ್ದದ ಮರಿಯನ್ನು ಅಮ್ಮ ಬೇರು ಸಮೇತ ಬಿಡಿಸಿ, ಅಲ್ಲಿನದೇ ಮಣ್ಣು ತುಂಬಿದ ಪೇಂಟ್ ಡಬ್ಬಿಯಲ್ಲಿ ನೆಟ್ಟಳು. ಪಾತ್ರೆ ಪಡಗ ಎಲ್ಲ ಚಿಕ್ಕಮ್ಮನ ಮನೆಗೆ ಹೋದವು. ಡಬ್ಬಿ ಮಾತ್ರ ನಮ್ಮ ಜೊತೆ ಬಂತು.

ವಿಮಾನದಲ್ಲಿ ಮಣ್ಣಿನ ಡಬ್ಬಿಯ ರಗಳೆ ಯಾಕೆಂದು ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದೆವು. ಬೆಂಗಳೂರಿನಿಂದ ದೆಹಲಿಗೆ ಎರಡು ರಾತ್ರಿಯ ಪ್ರಯಾಣ. ಡಬ್ಬಿ ಸೀಟಿನ ಕೆಳಗೆ, ಚಪ್ಪಲಿಗಳ ಪಕ್ಕ. ಸೊಲ್ಲಾಪುರದಲ್ಲಿ ರೈಲು ನಿಂತಾಗ ಅಮ್ಮ ಬಗ್ಗಿ ಅದಕ್ಕೆ ಅರ್ಧ ಲೋಟ ನೀರು ಹಾಕಿದಳು. ಎದುರು ಸೀಟಿನ ಮರಾಠಿ ಹೆಂಗಸು ಒಂದು ಎಲೆ ಮುರಿದು ಮೂಸಿ ತಲೆದೂಗಿದರು. ಎರಡನೆಯ ರಾತ್ರಿ ಭೋಪಾಲ್ ದಾಟಿದ ಸ್ವಲ್ಪ ಹೊತ್ತಿಗೆ ಈ ರೈಲು ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ದಾಟುತ್ತದೆ. ನಾವೆಲ್ಲ ನಿದ್ದೆಯಲ್ಲಿದ್ದೆವು. ಆ ಗೆರೆ ದಾಟಿದ್ದರ ಅರ್ಥ ನನಗೆ ಗೊತ್ತಾಗಿದ್ದು ಮೂರು ತಿಂಗಳ ನಂತರ.

ಸೆಪ್ಟೆಂಬರಿನ ದೆಹಲಿ ಇನ್ನೂ ಸೆಕೆಯಲ್ಲಿತ್ತು. ಗಿಡವನ್ನು ದೊಡ್ಡ ಮಣ್ಣಿನ ಕುಂಡಕ್ಕೆ ಹಾಕಿ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿಟ್ಟೆವು. ಒಗ್ಗರಣೆಗೆ ಕೈಗೆ ಸಿಗಬೇಕಲ್ಲ! ಅದು ಎರಡು ಹೊಸ ಕುಡಿ ಬಿಟ್ಟಿತು. ಅಮ್ಮನೂ ಆಗ ಹುರುಪಿನಲ್ಲಿದ್ದಳು. ತರಕಾರಿ ಗಾಡಿಯವನ ಹತ್ತಿರ ಕೈಸನ್ನೆಯಲ್ಲೇ ಚೌಕಾಸಿ ಮಾಡುವುದು, ಮೊಮ್ಮಗನಿಗೆ ದಿನಾ ಒಂದೊಂದು ತಿಂಡಿ. ವಾರಕ್ಕೊಮ್ಮೆ ಹುಳಿ ಮಜ್ಜಿಗೆಯನ್ನು ನೀರು ಮಾಡಿ ಕರಿಬೇವಿಗೆ ಹಾಕುತ್ತಿದ್ದಳು. ನಮ್ಮ ಕಡೆ ಎಲ್ಲರೂ ಮಾಡುವುದೇ.

ನವೆಂಬರಿನಲ್ಲಿ ಹೊಗೆ ಬಂತು. ದೀಪಾವಳಿಯ ನಂತರದ ದೆಹಲಿಯ ಗಾಳಿಯ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಕಿಟಕಿ ಮುಚ್ಚಿದೆವು, ಅಮ್ಮನ ಬೆಳಗಿನ ವಾಕಿಂಗ್ ನಿಂತಿತು. ಮನೆಯೊಳಗಿನ ಗಿಡಗಳು ಗಾಳಿ ಶುದ್ಧ ಮಾಡುತ್ತವೆ ಎಂದು ನಾನು ಇನ್ನೂ ನಾಲ್ಕು ಕುಂಡ ತಂದೆ. ಆಮೇಲೆ ಓದಿ ತಿಳಿದದ್ದು: ಈ ನಂಬಿಕೆಗೆ ಮೂಲವಾದ ನಾಸಾದ 1989ರ ಪ್ರಯೋಗಗಳು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅದೂ ಕೆಲವು ರಾಸಾಯನಿಕ ಆವಿಗಳ ಬಗ್ಗೆ, ಹೊಗೆಯ ಕಣಗಳ ಬಗ್ಗೆ ಅಲ್ಲ. ನಿಜವಾದ ಮನೆಯಲ್ಲಿ ಅಂಥ ಪರಿಣಾಮ ಬೇಕೆಂದರೆ ಕಾಲಿಡಲು ಜಾಗವಿಲ್ಲದಷ್ಟು ಗಿಡ ತುಂಬಬೇಕು. ಗಿಡ ಇಡಿ, ಕಣ್ಣಿಗೆ ತಂಪು. ಆದರೆ ದೆಹಲಿಯ ಹೊಗೆಗೆ ಅದನ್ನೇ ಔಷಧ ಎಂದು ನಂಬಬೇಡಿ. ನಿಜ ಹೇಳಬೇಕೆಂದರೆ ಈ ಕಾಲದಲ್ಲಿ ನಾವೇ ಗಿಡಗಳ ಸೇವೆ ಮಾಡಬೇಕು. ಎಲೆಯ ಮೇಲೆ ಕೂರುವ ಬೂದು ಧೂಳನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸದಿದ್ದರೆ, ಸಿಗುವ ಅಷ್ಟಿಷ್ಟು ಬೆಳಕೂ ಅವಕ್ಕೆ ದಕ್ಕುವುದಿಲ್ಲ.

ಡಿಸೆಂಬರ್ ಮೊದಲ ವಾರ ಕರಿಬೇವಿನ ಕೆಳಗಿನ ಎಲೆಗಳು ಹಳದಿಯಾದವು. ಎರಡನೆಯ ವಾರ, ಮುಟ್ಟಿದರೆ ಉದುರುವ ಹಾಗಾದವು. ಅಮ್ಮ ಒಂದು ದಿನ ಉದುರಿದ ಎಲೆಗಳನ್ನು ಸೆರಗಿನಲ್ಲಿ ಆರಿಸಿಕೊಂಡು ಒಳಗೆ ಬಂದು, "ಅಲ್ಲಿ ಮರ ಕಡಿದಿರಬೇಕು ಕಣೇ" ಅಂದಳು. ನಾನು, "ಏನಮ್ಮ ನೀನು, ಅದಕ್ಕೂ ಇದಕ್ಕೂ ಏನು ಸಂಬಂಧ" ಎಂದೆ. ಸಂಜೆ ಗುಟ್ಟಾಗಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಹೌದು, ಹಿಂದಿನ ವಾರವೇ ಕಡಿದಿದ್ದರು. ಅಮ್ಮನಿಗೆ ಹೇಳಲಿಲ್ಲ.

ಅಲ್ಲಿಂದ ನನಗೆ ಹಠ ಹಿಡಿಯಿತು. ನನ್ನ ಕೆಲಸ ಸರ್ವರುಗಳನ್ನು ಕಾಯುವುದು. ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂದರೂ ಎದ್ದು ಏನಾದರೂ ಮಾಡಲೇಬೇಕು. ಸುಮ್ಮನೆ ಕೂತಿದ್ದೆ ಎಂದರೆ ನಮ್ಮಲ್ಲಿ ಅದು ತಪ್ಪು. ಹಾಗೆಯೇ ಗಿಡಕ್ಕೂ ಮಾಡಿದೆ. ಗೊಬ್ಬರದ ಕಾಳು ಹಾಕಿದೆ. ಎರೆಗೊಬ್ಬರ ಹಾಕಿದೆ. ರಾತ್ರಿ ಒಳಗೆ ತಂದು ಹೀಟರ್ ಪಕ್ಕ ಇಟ್ಟು, ಬೆಳಿಗ್ಗೆ ಮತ್ತೆ ಹೊರಗಿಟ್ಟೆ. ಮಲಗುವ ಮುಂಚೆ ಒಂದು ಚೊಂಬು ನೀರು ಹಾಕಿದೆ. ಅಮ್ಮ ಬೆಳಿಗ್ಗೆ ಸ್ನಾನ ಮಾಡಿ ಬಂದು ನನಗೆ ಗೊತ್ತಿಲ್ಲದ ಹಾಗೆ ಇನ್ನೊಂದು ಚೊಂಬು ಹಾಕುತ್ತಿದ್ದಳು, ಜೊತೆಗೆ ಮಜ್ಜಿಗೆ. ಒಂಬತ್ತು ವರ್ಷದ ಮಗರಾಯ ಶಾಲೆಯಿಂದ ಬಂದು ತನ್ನ ಬಾಟಲಿಯಲ್ಲಿ ಉಳಿದ ನೀರನ್ನು ಅದಕ್ಕೇ ಸುರಿಯುತ್ತಿದ್ದ, "ಅಜ್ಜಿ ಗಿಡ" ಎಂಬ ಪ್ರೀತಿಗೆ. ಮೂರು ಜನ, ಮೂರು ಹೊತ್ತು. ಕುಂಡದ ಮಣ್ಣು ಕೆಸರಾಗಿ ಹುಳಿ ವಾಸನೆ ಹೊಡೆಯಿತು. ಯಾರು ಎಷ್ಟು ಹಾಕಿದರು ಎಂಬ ವಿಚಾರಣೆಯಲ್ಲಿ ನಾನು ಅಮ್ಮನಿಗೆ, "ನಿನ್ನ ಮಜ್ಜಿಗೆಯಿಂದಲೇ ಹಾಳಾಗಿದ್ದು" ಎಂದುಬಿಟ್ಟೆ. ಅಮ್ಮ ತಿರುಗಿ, "ನಿನ್ನ ಊರಿನಿಂದ" ಅಂದಳು.

ಮಾತು ನಿಂತಿದ್ದು ಆಗ.

ಅಮ್ಮ ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಂತೆಯೇ ಇದ್ದಳು. ಕಾಯಿಲೆ ಎಂದಲ್ಲ. ಮಂಡಿ ನೋವು, ಚಳಿ, ರಜಾಯಿಯಿಂದ ಏಳಲು ಮನಸ್ಸಿಲ್ಲ. ಅಡುಗೆಮನೆಗೆ ಬರುವುದು ನಿಂತಿತ್ತು. ಒಂದು ರಾತ್ರಿ, "ಎರಡು ತಿಂಗಳು ಚಿಕ್ಕಮ್ಮನ ಮನೆಗೆ ಹೋಗಿ ಬರ್ಲೇನೇ?" ಎಂದು ಕೇಳಿದ್ದಳು. "ಇಲ್ಲಿ ನಿನಗೇನು ಕಮ್ಮಿಯಾಗಿದೆ?" ಎಂದಿದ್ದೆ. ಅವಳಿಗೂ ಅಲರ್ಟ್ ಬಂದ ಹಾಗೆಯೇ ಓಡಾಡಿದೆ. ಹೊಸ ಹೀಟರ್, ಉಣ್ಣೆಯ ಕಾಲುಚೀಲ, ಮಂಡಿಗೆ ಫಿಸಿಯೋಥೆರಪಿ, ಸೊಸೈಟಿಯ ಹೆಂಗಸರ ಭಜನೆ ಗುಂಪು, ಆರ್.ಕೆ. ಪುರಂನ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಕಾರಿನಲ್ಲಿ ಕರೆದೊಯ್ಯುವುದು. ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು, ಬಂದು ಮತ್ತೆ ಮಲಗುತ್ತಿದ್ದಳು.

ಜನವರಿ ಎರಡನೆಯ ವಾರ, ಲೋಹಡಿಯ ಹಿಂದಿನ ದಿನ. ನಮ್ಮ ಸೊಸೈಟಿಯ ತೋಟ ನೋಡಿಕೊಳ್ಳುವ ಮಾಲಿಯನ್ನು ಮೇಲೆ ಕರೆದೆ. ಕರಿಬೇವಿನಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಬರೀ ಕಡ್ಡಿ. ಆತ ಮೊದಲು ನೋಡಿದ್ದು ಗಿಡವನ್ನಲ್ಲ, ಆಕಾಶವನ್ನು. "ಇಲ್ಲಿ ಬಿಸಿಲು ಯಾವಾಗ ಬೀಳುತ್ತೆ?" ಎಂದು ಕೇಳಿದ. ನಾನು ಯೋಚಿಸಿಯೇ ಇರಲಿಲ್ಲ. ಅಡುಗೆಮನೆಯ ಬಾಲ್ಕನಿ ಉತ್ತರಕ್ಕೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚಿನವರೆಗೆ ಅಲ್ಲಿಗೆ ಒಂದು ತುಣುಕೂ ನೇರ ಬಿಸಿಲು ಬರುವುದಿಲ್ಲ.

ನಾವು ದಕ್ಷಿಣದವರು ಇಲ್ಲಿ ಎಡವುವುದು ಈ ಲೆಕ್ಕದಲ್ಲಿಯೇ. ಮೈಸೂರಿನಲ್ಲಿ ವರ್ಷಕ್ಕೆರಡು ಸಲ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಕರ್ಕಾಟಕ ವೃತ್ತದಿಂದ ಉತ್ತರಕ್ಕಿರುವ ದೆಹಲಿಯಲ್ಲಿ ಎಂದೂ ಬರುವುದಿಲ್ಲ. ಡಿಸೆಂಬರ್ 21ರ ಸುಮಾರಿಗೆ ನಡುಮಧ್ಯಾಹ್ನ ಮೈಸೂರಿನಲ್ಲಿ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿದ್ದರೆ ದೆಹಲಿಯಲ್ಲಿ ಬರೀ 38 ಡಿಗ್ರಿ. ಹಗಲು ಅಲ್ಲಿ 11 ಗಂಟೆ 20 ನಿಮಿಷ ದಾಟಿದರೆ ಇಲ್ಲಿ 10 ಗಂಟೆ 20 ನಿಮಿಷದ ಆಸುಪಾಸು. ಮಂಜಿದ್ದರೆ ಅದೂ ಇಲ್ಲ. ಆದರೆ ಇದಕ್ಕೇ ಇನ್ನೊಂದು ಮುಖವಿದೆ. ಸೂರ್ಯ ಕೆಳಗಿರುವುದರಿಂದ ದಕ್ಷಿಣದ ಬಾಲ್ಕನಿಯಲ್ಲಿ ಬಿಸಿಲು ಓರೆಯಾಗಿ ಒಳಗೆ, ಸೋಫಾದ ತನಕ ಬರುತ್ತದೆ. ಬೇಸಿಗೆಯಲ್ಲಿ ಬಾರದ ಬಿಸಿಲು ಚಳಿಗಾಲದಲ್ಲಿ ಮನೆಯೊಳಗೆ ಬರುತ್ತದೆ. ನವೆಂಬರಿನಲ್ಲಿ ಮಾಡಬೇಕಾದ ಮೊದಲ ಕೆಲಸ ಇದೇ: ಒಂದು ರಜೆಯ ದಿನ ಮನೆಯಲ್ಲಿ ಕೂತು, ಯಾವ ಹೊತ್ತಿಗೆ ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡಿ, ಕುಂಡಗಳ ಜಾಗ ಬದಲಾಯಿಸುವುದು.

ಮಾಲಿ ಆಮೇಲೆ ಉಗುರಿನಿಂದ ಗಿಡದ ತುದಿಯ ಸಿಪ್ಪೆ ಕೆರೆದ. ಒಳಗೆ ಕಂದು, ಒಣಗಿತ್ತು. ಒಂದು ಗೇಣು ಕೆಳಗೆ ಕೆರೆದ. ಅಲ್ಲೂ ಕಂದು. ಬುಡಕ್ಕೆ ನಾಲ್ಕು ಬೆರಳು ಮೇಲೆ ಕೆರೆದಾಗ ತೆಳ್ಳಗೆ ಹಸಿರು ಕಂಡಿತು. "ಮರಾ ನಹೀ ಹೈ, ಸೋಯಾ ಹೈ" ಎಂದ. ಅಮ್ಮ ರಜಾಯಿ ಹೊದ್ದುಕೊಂಡೇ ಬಾಗಿಲ ಹತ್ತಿರ ಬಂದು ನಿಂತಿದ್ದಳು. "ಏನಂತೆ?" ಎಂದು ವಾರದ ನಂತರ ನನ್ನನ್ನು ಮಾತಾಡಿಸಿದಳು.

"ಸತ್ತಿಲ್ಲವಂತೆ ಅಮ್ಮ. ಮಲಗಿದೆಯಂತೆ."

ಆತ ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ, ನನಗೆ ಮಾತ್ರ ಹೊಸದು. ಕರಿಬೇವು ಇಲ್ಲಿನ ಚಳಿಯಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ. ಬೆಳೆಯುತ್ತಿಲ್ಲವಾದ್ದರಿಂದ ಅದಕ್ಕೆ ಗೊಬ್ಬರ ಬೇಕಿಲ್ಲ. ಎಲೆಯೇ ಇಲ್ಲದ ಗಿಡ ನೀರನ್ನಾದರೂ ಎಷ್ಟು ಕುಡಿದೀತು! ಹಾಕಿದ ನೀರು ತಣ್ಣಗೆ ಬೇರಿನ ಸುತ್ತ ನಿಂತು ಬೇರು ಕೊಳೆಯುತ್ತದೆ. ಚಳಿಗಿಂತ ಹೆಚ್ಚು ಗಿಡ ಸಾಯುವುದು ಚಳಿಗೆ ಹೆದರಿ ನಾವು ಹಾಕುವ ನೀರಿನಿಂದ. ಮಜ್ಜಿಗೆಯೂ ಅಷ್ಟೇ. ಬೇಸಿಗೆಯಲ್ಲಿ ಪರವಾಗಿಲ್ಲ, ಜನವರಿಯಲ್ಲಿ ಅದು ಮಣ್ಣಿನಲ್ಲಿ ಕೂತು ಕೊಳೆಯುತ್ತದೆ. ಹೀಟರಿನ ಒಣ ಬಿಸಿ ಒಂದು ಕಡೆ, ಹೊರಗಿನ ಕೊರೆತ ಇನ್ನೊಂದು ಕಡೆ, ದಿನಾ ಎರಡರ ನಡುವೆ ಎತ್ತಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಅಂದು ಅವನು ಮಾಡಿದ್ದು ಇಷ್ಟೇ. ಕುಂಡದ ತಳದ ತೂತನ್ನು ಕಡ್ಡಿಯಿಂದ ಬಿಡಿಸಿದ. ಕಟ್ಟಿಕೊಂಡಿದ್ದ ನೀರು ಕಪ್ಪಗೆ ಹರಿಯಿತು. ಕೆಳಗಿನ ತಟ್ಟೆ ತೆಗೆದ. ಮೇಲಿನ ಎರಡಂಗುಲ ಮಣ್ಣು ಕೆದಕಿ ಸಡಿಲ ಮಾಡಿದ. ಕುಂಡವನ್ನು ದಕ್ಷಿಣದ ಬಾಲ್ಕನಿಗೆ ತಂದು ಗೋಡೆಗೆ ಒತ್ತಿಸಿ ಇಟ್ಟು, ಸುತ್ತ ಗೋಣಿಚೀಲ ಕಟ್ಟಿದ. ತುದಿ ಕತ್ತರಿಸಲೇ ಎಂದು ಕೇಳಿದ್ದಕ್ಕೆ, ಈಗ ಬೇಡ, ಚಳಿ ಮುರಿಯಲಿ ಎಂದ. ಮತ್ತೇನು ಮಾಡಬೇಕು ಎಂದೆ. "ಕುಛ್ ನಹೀ." ಅದೇ ಕಷ್ಟದ ಕೆಲಸ ಎಂದು ಆಮೇಲೆ ತಿಳಿಯಿತು.

ಅಮ್ಮ ಅವನಿಗೆ ಕಾಫಿ ಕೊಟ್ಟಳು. ಒಂದು ತಿಂಗಳ ನಂತರ ಅವಳೇ ಒಲೆ ಹಚ್ಚಿ ಮಾಡಿದ ಕಾಫಿ. ಅವನು ಪೂರ್ವ ಉತ್ತರಪ್ರದೇಶದವನು, ಹಿಂದಿಯೂ ಅವನಿಗೆ ಭೋಜಪುರಿಯ ಮೇಲೆ ಹಾಕಿಕೊಂಡ ಅಂಗಿ. ಅವಳದು ಮೈಸೂರು ಕನ್ನಡ. ಇಬ್ಬರೂ ಬಿಸಿಲಲ್ಲಿ ಕೂತು ಮಾತಾಡಿದರು. ಏನು ಮಾತಾಡಿದಿರಿ ಎಂದರೆ, "ಅವನ ಊರಲ್ಲಿ ಮಾವಿನ ಮರ ಇದೆಯಂತೆ" ಅಂದಳು. ಮರುದಿನ ಹನ್ನೊಂದಕ್ಕೆ ತಾನೇ ಕುರ್ಚಿ ಎಳೆದುಕೊಂಡು ಕರಿಬೇವಿನ ಪಕ್ಕ ಬಿಸಿಲಿಗೆ ಕೂತಳು. ನಾನು ಭಜನೆಯ ಗುಂಪಿನ ಮಾತೆತ್ತಲಿಲ್ಲ.

ಆ ಬಾಲ್ಕನಿಯಲ್ಲಿ ಕೂತು ಅವಳು ಕಲಿತದ್ದನ್ನೂ ನಾನು ಅವಳಿಂದ ಕಲಿತದ್ದನ್ನೂ ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ನೀರಿಗೆ ದಿನದ ಲೆಕ್ಕ ಬೇಡ, ಬೆರಳಿನ ಲೆಕ್ಕ ಇರಲಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು. ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆಯಿರುತ್ತದೆ. ಹಾಕುವುದು ಬೆಳಿಗ್ಗೆ ಹತ್ತು ಹನ್ನೊಂದರ ನಡುವೆ, ಸಂಜೆ ಬೇಡವೇ ಬೇಡ. ಟ್ಯಾಂಕಿನ ಕೊರೆಯುವ ನೀರನ್ನು ರಾತ್ರಿಯೇ ಬಕೆಟ್‌ನಲ್ಲಿ ಹಿಡಿದು ಒಳಗಿಟ್ಟರೆ ಬೆಳಿಗ್ಗೆ ಸ್ವಲ್ಪ ಹದವಾಗಿರುತ್ತದೆ. ನಮ್ಮ ಸ್ನೇಕ್ ಪ್ಲಾಂಟ್ ಡಿಸೆಂಬರ್, ಜನವರಿ ಎರಡೂ ತಿಂಗಳು ಸೇರಿ ಎರಡೇ ಸಲ ನೀರು ಕುಡಿಯಿತು, ಚೆನ್ನಾಗಿಯೇ ಇದೆ.

ನವೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಮನೆಯೊಳಗಿನ ಹಸಿರು ಗಿಡಗಳಿಗೆ ಗೊಬ್ಬರವಿಲ್ಲ, ಕುಂಡ ಬದಲಾವಣೆಯೂ ಇಲ್ಲ. ಕಿಟಕಿಯ ಹತ್ತಿರ ಇಡಿ, ಆದರೆ ರಾತ್ರಿ ಎಲೆ ತಣ್ಣನೆಯ ಗಾಜಿಗೆ ತಾಗದಿರಲಿ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ಹೀಟರ್, ಬ್ಲೋವರ್ ಗಾಳಿ ನೇರವಾಗಿ ಬಡಿಯುವ ಕಡೆ ಬೇಡ. ಆ ಒಣ ಗಾಳಿಗೆ ಅರೆಕಾ ಪಾಮಿನ ತುದಿ ಸುಟ್ಟ ಹಾಗಾಗುತ್ತದೆ, ಎಲೆಯ ಅಡಿ ಸಣ್ಣ ನುಸಿ ಬಲೆ ಕಟ್ಟುತ್ತದೆ. ಗಿಡಗಳನ್ನು ಗುಂಪಾಗಿ ಇಟ್ಟರೆ ಒಂದರ ತೇವ ಇನ್ನೊಂದಕ್ಕೆ. ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಲೀಟರ್ ನೀರಿಗೆ 5 ಮಿಲೀ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಕಲಸಿ ಸಿಂಪಡಿಸಬೇಕು.

ಹೊರಗಿರುವ ನಮ್ಮ ಕಡೆಯ ಗಿಡಗಳಿಗೆ, ಅಂದರೆ ತುಳಸಿ, ವೀಳ್ಯದೆಲೆ, ದೊಡ್ಡಪತ್ರೆ, ಕರಿಬೇವಿಗೆ, ತೀರ ಚಳಿಯ ರಾತ್ರಿ ಹಳೆಯ ಹತ್ತಿ ಸೀರೆ ಹೊದಿಸಿ ಬೆಳಿಗ್ಗೆ ತೆಗೆಯಬೇಕು. ಪ್ಲಾಸ್ಟಿಕ್ ಬೇಡ, ಅದರೊಳಗೆ ಬೆವತು ಎಲೆ ಕೊಳೆಯುತ್ತದೆ. ಎದುರು ಮನೆಯ ಪಂಜಾಬಿ ಆಂಟಿ ತಮ್ಮ ತುಳಸಿಗೆ ಕೆಂಪು ಚುನರಿ ಹೊದಿಸಿದ್ದನ್ನು ಅಮ್ಮ ಪೂಜೆಗೆಂದೇ ತಿಳಿದಿದ್ದಳು. ಪೂಜೆಯೂ ಹೌದು, ಸ್ವೆಟರೂ ಹೌದು. ತುಳಸಿಯ ತೆನೆಗಳನ್ನು ಚಿವುಟುತ್ತಿರಬೇಕು. ಇಷ್ಟು ಮಾಡಿದರೂ ನಮ್ಮ ತುಳಸಿ ಉಳಿಯಲಿಲ್ಲ. ಅಮ್ಮ ಮೊದಲೇ ತೆನೆ ಒಣಗಿಸಿ ಬೀಜ ಎತ್ತಿಟ್ಟಿದ್ದಳು. ಅದಕ್ಕೆ ಅವಳು ಕಣ್ಣೀರು ಹಾಕಲಿಲ್ಲ.

ಮತ್ತೆ, ಎಲ್ಲವೂ ಮಲಗುವುದಿಲ್ಲ ಎಂಬುದೂ ನೆನಪಿರಲಿ. ನಮ್ಮವು ಮುದುಡುವ ಕಾಲದಲ್ಲೇ ಇಲ್ಲಿನ ಗಿಡಗಳಿಗೆ ಸುಗ್ಗಿ. ಅಕ್ಟೋಬರ್, ನವೆಂಬರಿನಲ್ಲಿ ಗಾಡಿಯವರು ಪಿಟೂನಿಯಾ, ಪ್ಯಾನ್ಸಿ, ಡಯಾಂಥಸ್, ಫ್ಲಾಕ್ಸ್ ಸಸಿ ತರುತ್ತಾರೆ. ಮೆಂತ್ಯ, ಪಾಲಕ್, ಕೊತ್ತಂಬರಿ, ಮೂಲಂಗಿ ಬೀಜ ಹಾಕಲು ಅದೇ ಸಮಯ. ಜನವರಿಯ ಬಿಸಿಲಿನಲ್ಲಿ ಅಮ್ಮ ಎರಡು ಟಬ್ಬಿನಲ್ಲಿ ಮೆಂತ್ಯ ಚೆಲ್ಲಿದಳು. ನಿಧಾನಕ್ಕೆ ಬಂತು, ಆದರೂ ಬಂತು. ಮೆಂತ್ಯದ ಸೊಪ್ಪಿನ ತೊವ್ವೆಗೆ ಒಗ್ಗರಣೆ ಹಾಕುವಾಗ ಅಂಗಡಿಯಿಂದ ತಂದ ಕರಿಬೇವನ್ನು ಮೂಸಿ, "ವಾಸನೆಯೇ ಇಲ್ಲ" ಎಂದು ಗೊಣಗಿದಳು. ಗೊಣಗಾಟ ಕೇಳಿ ನನಗೆ ಸಮಾಧಾನವಾಯಿತು.

ಫೆಬ್ರವರಿ ಕೊನೆಯ ಭಾನುವಾರ ಅಮ್ಮನನ್ನು ಸುಂದರ್ ನರ್ಸರಿಗೆ ಕರೆದುಕೊಂಡು ಹೋದೆ. ಹುಮಾಯೂನ್ ಸಮಾಧಿಯ ಪಕ್ಕದಲ್ಲಿ ಸುಮಾರು 90 ಎಕರೆಯ ತೋಟ. ಬ್ರಿಟಿಷರು ಹೊಸದೆಹಲಿಯನ್ನು ಕಟ್ಟುವಾಗ, ಹೊಸ ರಾಜಧಾನಿಗೆ ಬೇಕಾದ ಸಸಿಗಳನ್ನು ಬೆಳೆಸಲು, ಹೊರಗಿನಿಂದ ತಂದ ಮರಗಳು ಈ ಮಣ್ಣಿಗೆ, ಈ ಹವೆಗೆ ಒಗ್ಗುತ್ತವೆಯೇ ಎಂದು ಬೆಳೆಸಿ ನೋಡಲು ಮಾಡಿದ ನರ್ಸರಿ ಅದು. ಬಹುಕಾಲ ಯಾರ ಗಮನಕ್ಕೂ ಬಾರದೆ ಬಿದ್ದಿದ್ದನ್ನು ಆಗಾ ಖಾನ್ ಟ್ರಸ್ಟ್ ಸರಿಪಡಿಸಿತು, 2018ರಲ್ಲಿ ಜನರಿಗೆ ತೆರೆದರು. ಒಳಗೆ ಮೊಗಲರ ಕಾಲದ ಗುಮ್ಮಟಗಳು, ನೀರಿನ ಕಾಲುವೆ, ಬೋನ್ಸಾಯ್ ತೋಟ. ಚಾಪೆ ಹಾಸಿಕೊಂಡು ಕೂತ ಸಂಸಾರಗಳು. ದಾರಿಯಲ್ಲಿ ಅಕ್ಬರ್ ರಸ್ತೆಯ ಹುಣಸೆ ಸಾಲನ್ನು ತೋರಿಸಿದ್ದೆ. ಕರ್ತವ್ಯಪಥದಲ್ಲಿ ನೇರಳೆ ಮರಗಳಿವೆ ಎಂದಿದ್ದೆ. ಅಮ್ಮನಿಗೆ ಆಶ್ಚರ್ಯ. "ಇಷ್ಟೊಂದು ನಮ್ಮ ಮರ ಇದೆಯಾ ಇಲ್ಲಿ?" ಯಾವುದು ನಮ್ಮದು, ಯಾವುದು ಇಲ್ಲಿಯದು ಎಂದು ನನಗೂ ಆಗ ಹೇಳಲು ಬರಲಿಲ್ಲ.

ಒಂದು ದೊಡ್ಡ ಕೆಂಪು ಬೂರುಗದ ಕೆಳಗೆ ಕೂತೆವು. ಮರದಲ್ಲಿ ಒಂದು ಎಲೆಯಿಲ್ಲ, ಬರೀ ಹೂವು. ಅಂಗೈಯಗಲದ ಹೂಗಳು ಧೊಪ್ ಧೊಪ್ ಎಂದು ಬೀಳುತ್ತಿದ್ದವು. ಅಲ್ಲಿ ನಾನು ಅಮ್ಮನಿಗೆ ಹೇಳಿದೆ, ಮೈಸೂರಿನ ಮರ ಡಿಸೆಂಬರಿನಲ್ಲೇ ಕಡಿದರು ಎಂದು.

"ಗೊತ್ತು" ಅಂದಳು. "ಚಿಕ್ಕಮ್ಮ ಅವತ್ತೇ ಹೇಳಿದ್ಳು. ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ."

ಮೂರು ತಿಂಗಳು ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಒಂದೇ ಗಿಡಕ್ಕೆ ಕದ್ದು ನೀರು ಹಾಕಿದ್ದೆವು. ಒಂದು ಹೂವನ್ನು ಆರಿಸಿಕೊಂಡು ಅಮ್ಮ ಎದ್ದಳು. "ನಡಿ, ಹಸಿವಾಗ್ತಿದೆ."

ಮಾರ್ಚ್ ಮೊದಲ ವಾರ ಮಾಲಿ ಬಂದು ಒಣಗಿದ ಮೇಲ್ಭಾಗವನ್ನು ಹಸಿರು ಸಿಗುವ ತನಕ ಕತ್ತರಿಸಿದ. ಉಳಿದದ್ದು ನಾಲ್ಕು ಬೆರಳಿನ ಮೋಟು. ಹೋಳಿ ಕಳೆದು ಒಂದು ಬೆಳಿಗ್ಗೆ ಮಗ ಕೂಗಿಕೊಂಡ. ಮೋಟಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಕೆಂಗಂದು ಮೊಗ್ಗು, ಮಣ್ಣಿನಿಂದ ಇನ್ನೊಂದು. ಜುಲೈ ಹೊತ್ತಿಗೆ ನನ್ನ ಮೊಣಕಾಲೆತ್ತರ ಬಂತು. ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಚಿಟ್ಟೆಯ ಮರಿಹುಳುಗಳು ಅರ್ಧ ಎಲೆ ತಿಂದವು. ಅಮ್ಮ ಓಡಿಸಲು ಬಿಡಲಿಲ್ಲ. "ಇರಲಿ ಬಿಡೇ, ಅದೂ ಊಟ ಮಾಡ್ಬೇಕು."

ಈ ವರ್ಷ ದೀಪಾವಳಿ ಕಳೆದ ಮೇಲೆ ನಾನೇ ಮೈಸೂರಿಗೆ ಟಿಕೆಟ್ ಬುಕ್ ಮಾಡಿ ಅಮ್ಮನ ಮುಂದಿಟ್ಟೆ. ಹೋಗುವುದು ನವೆಂಬರಿನಲ್ಲಿ, ಬರುವುದು ಫೆಬ್ರವರಿ ಕೊನೆಗೆ. ಅಮ್ಮ ಟಿಕೆಟನ್ನು ಎರಡು ಸಲ ನೋಡಿ, "ವಾಪಸ್ ಬರೋದೂ ಮಾಡಿದೀಯಲ್ಲ" ಅಂದಳು, ಅಷ್ಟೇ. ಹಿಂದಿನ ವರ್ಷವಾಗಿದ್ದರೆ ಅವಳನ್ನು ಕಳಿಸುವುದೆಂದರೆ ನಾನು ಸೋತ ಹಾಗೆ ಎಂದುಕೊಳ್ಳುತ್ತಿದ್ದೆ. ಸ್ಟೇಷನ್ನಿನಲ್ಲಿ ಅವಳನ್ನು ಕೂರಿಸಿ ಬರುವಾಗ ಗಂಟಲು ಕಟ್ಟಿತ್ತು, ಅದು ಬೇರೆ ಮಾತು.

ಈಗ ಭಾನುವಾರಗಳಲ್ಲಿ ಅವಳ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಗೋಣಿ ಸುತ್ತಿದ ಕುಂಡ ಪಕ್ಕದಲ್ಲಿದೆ. ದಿನಕ್ಕೆರಡು ಎಲೆ ಉದುರುತ್ತವೆ. ಕೈ ಚೊಂಬಿನ ಕಡೆ ಹೋಗುತ್ತದೆ, ವಾಪಸ್ ಬರುತ್ತದೆ. ಬೆರಳಿಟ್ಟು ನೋಡಿದೆ. ಮಣ್ಣು ಇನ್ನೂ ತೇವವಾಗಿಯೇ ಇದೆ.